ಮಂಗಳವಾರಕ್ಕೆ ಇಳಿಯುವ ಗೆರೆ

ಅಕ್ಕನ ಮಕ್ಕಳು ಅವಳಿಗೆ ಇಟ್ಟ ಹೆಸರು ಥೂ ಚಿಕ್ಕಮ್ಮ. ಆ ಹೆಸರು ಮನೆಯ ಹೊಸ್ತಿಲು ದಾಟಿ, ಓಣಿ ದಾಟಿ, ಅವಳು ಕೆಲಸ ಮಾಡುವ, ದೋಣಿಗಳು ಬಂದು ನಿಲ್ಲುವ ಜೆಟ್ಟಿಯ ತನಕ ಹೋಗಿತ್ತು. ಧೂಳಿಗೆ ಅವಳದ್ದು ಗಿಡ್ಡ ಥೂ. ಊಟದಲ್ಲಿ ಕೂದಲು ಸಿಕ್ಕರೆ ಉದ್ದದ ಥೂ. ಲೋಳೆಯಾದದ್ದೇನಾದರೂ ಕೈಗೆ ತಗುಲಿದರೆ ಮಾತೇ ಇಲ್ಲ; ಎರಡೂ ಭುಜ ಕಿವಿಯ ತನಕ ಏರಿ ಮೈಯೆಲ್ಲ ಒಮ್ಮೆ ಅದುರುತ್ತಿತ್ತು. ಮಕ್ಕಳು ಈ ಮೂರನ್ನೂ ಬಂದವರ ಮುಂದೆ ಮಾಡಿ ತೋರಿಸುತ್ತಿದ್ದರು. ಚಿಕ್ಕಮ್ಮ ಬೇಸರಪಡುತ್ತಿರಲಿಲ್ಲ. ಹೇಸಿಗೆ ಪಡಬೇಕಾದ ಕಡೆ ಪಡದವರನ್ನು ಕಂಡರೆ ಅವಳಿಗೆ ಇನ್ನಷ್ಟು ಹೇಸಿಗೆ.

ಬೇರೆಯವರ ಮನೆಯ ನಲ್ಲಿಯನ್ನು ಅವಳು ಮಣಿಕಟ್ಟಿನಿಂದ ತಿರುಗಿಸುತ್ತಿದ್ದಳು. ಅಕ್ಕನ ಮನೆಗೆ ಬಂದರೆ ಲೋಟ ತೊಳೆದು, ತೊಳೆದ ಕೈ ತೊಳೆದು, ಆಮೇಲೆ ನೀರು. "ಸೋಪನ್ನೂ ಸೋಪು ಹಾಕಿ ತೊಳೆಯೋಳು ನನ್ನ ತಂಗಿ" ಎಂದು ಅಕ್ಕ ಎಲ್ಲರ ಮುಂದೆ ಹೇಳುತ್ತಿದ್ದಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡದ್ದೂ ಇದೇ ಕಾರಣಕ್ಕೆ. ಜೀವಶಾಸ್ತ್ರವಾದರೆ ಕಪ್ಪೆ ಕೊಯ್ಯಬೇಕು. ರಸಾಯನಶಾಸ್ತ್ರದಲ್ಲಿ ಎಲ್ಲವೂ ಗಾಜಿನ ಪಾತ್ರೆಯೊಳಗೆ, ಎಲ್ಲಕ್ಕೂ ಮುಚ್ಚಳ.

ಇಂಥವಳಿಗೆ ಸಿಕ್ಕಿದ್ದು ಸಮುದ್ರದ ಕೆಲಸ. ಊರೊಳಗಿನ ಸಂಶೋಧನಾ ಸಂಸ್ಥೆಯವರು ಜೆಟ್ಟಿಯ ತುದಿಯಲ್ಲಿ ಒಂದು ಚಿಕ್ಕ ಅಳತೆ ಕೋಣೆ ಕಟ್ಟಿಸಿದ್ದರು, ಅವಳು ಅದರ ತಂತ್ರಜ್ಞೆ. ಪಂಪು ಸಮುದ್ರದ ನೀರನ್ನು ಒಂದು ಕೊಳವೆಯಲ್ಲಿ ಎಳೆದು ತರುತ್ತದೆ. ದಾರಿಯಲ್ಲಿ ಒಂದು ಜರಡಿ ಡಬ್ಬಿ. ಕಸಕಡ್ಡಿ ಅಲ್ಲೇ ನಿಲ್ಲಲಿ ಎಂದು. ಆಮೇಲೆ ನೀರು ಮುಚ್ಚಿದ ಗಾಜಿನ ಪಾತ್ರೆಯೊಳಗೆ ತುಂತುರಾಗಿ ಬೀಳುತ್ತದೆ. ಅಲ್ಲಿಯ ಗಾಳಿ ಆ ನೀರಿನೊಂದಿಗೆ ಅನಿಲ ಕೊಟ್ಟು ತೆಗೆದುಕೊಂಡು ಸಮವಾಗುತ್ತದೆ. ಆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಚಾವಣಿಯ ಮೇಲಿನ ಇನ್ನೊಂದು ನಳಿಕೆ ಹೊರಗಿನ ಗಾಳಿಯನ್ನು ತರುತ್ತದೆ. ನೀರಿನ ಅಂಕಿ ಗಾಳಿಯ ಅಂಕಿಗಿಂತ ಕೆಳಗಿದ್ದರೆ ಸಮುದ್ರ ಅನಿಲವನ್ನು ನುಂಗುತ್ತಿದೆ ಎಂದರ್ಥ; ಮೇಲಿದ್ದರೆ ಉಗುಳುತ್ತಿದೆ.

"ಸೋಡಾ ಬಾಟಲಿ ನೋಡಿಲ್ವೇನ್ರೋ" ಎಂದು ಅವಳು ಅಕ್ಕನ ಮಕ್ಕಳಿಗೆ ಹೇಳಿಕೊಡುತ್ತಿದ್ದಳು. "ತಣ್ಣಗಿದ್ರೆ ಗಾಳೀನ ಒಳಗೇ ಬಿಗಿಹಿಡ್ಕೊಂಡಿರುತ್ತೆ. ಬಿಸಿಲಲ್ಲಿಟ್ಟು ಮುಚ್ಚಳ ತೆಗೀರಿ, ಬುಸ್ ಅನ್ನುತ್ತೆ. ಸಮುದ್ರಾನೂ ಹಾಗೇ."

ಚಳಿಗಾಲದಲ್ಲಿ ನೀರು ತಣ್ಣಗಾಗಿ ಅನಿಲವನ್ನು ಒಳಗೆಳೆಯುತ್ತದೆ. ಚಳಿ ಇಳಿದು ಬೆಳಕು ಹೆಚ್ಚಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಜೀವಿಗಳು ನೀರಿನ ತುಂಬ ಹುಟ್ಟಿ ಅದನ್ನು ತಿನ್ನುತ್ತವೆ; ನೀರಿನ ಅಂಕಿಗಳನ್ನು ಜೋಡಿಸಿ ಎಳೆದ ಗೆರೆ ವರ್ಷದ ತಳಕ್ಕೆ ಇಳಿಯುವುದು ಆಗಲೇ. ಬೇಸಿಗೆಯಲ್ಲಿ ನೀರು ಬೆಚ್ಚಗಾಗಿ, ಹುಟ್ಟಿದ್ದೆಲ್ಲ ಸತ್ತು ಕೊಳೆತು, ಗೆರೆ ಗುಡ್ಡದಂತೆ ಏಳುತ್ತದೆ. ಈ ಏರಿಳಿತದ ಉದ್ದನೆಯ ಹಾಳೆಯನ್ನು ಅವಳು ಅಳತೆ ಕೋಣೆಯ ಗೋಡೆಗೆ ಅಂಟಿಸಿದ್ದಳು. ಕಡಲಿನ ಮೇಲೆ ಅವಳಿಗೆ ಪ್ರೀತಿ ಇತ್ತೆಂದಲ್ಲ. ಅವಳು ಕಾಲು ಅದ್ದಿದವಳೇ ಅಲ್ಲ, ಮೀನುಗಳು ಎಲ್ಲವನ್ನೂ ಅದರೊಳಗೇ ಮಾಡಿಕೊಳ್ಳುತ್ತವೆ ಎಂಬುದು ಅವಳ ವಾದ. ಆದರೆ ಗೆರೆ ಶುಭ್ರವಾಗಿತ್ತು. ಅದಕ್ಕೆ ವಾಸನೆ ಇರಲಿಲ್ಲ.

ಜರಡಿ ಡಬ್ಬಿಯ ವಿಷಯದಲ್ಲಿ ಮಾತ್ರ ಮೊದಲ ತಿಂಗಳೇ ಮಾನ ಹೋಗಿತ್ತು. ಯಂತ್ರ ಕೂರಿಸಿದ ಎಂಜಿನಿಯರ್ ಅದನ್ನು ತೆರೆದು, ಹೀಗೆ ಕೈ ಹಾಕಿ ಹೀಗೆ ಬಳಿದು ತೆಗೆಯಬೇಕು ಎಂದು ತೋರಿಸುತ್ತಿದ್ದಾಗ ಅವಳು ಅವನ ಶೂಗಳ ಮೇಲೆಯೇ ವಾಂತಿ ಮಾಡಿಕೊಂಡಳು. ಆಗ ಮುಂದೆ ಬಂದವನು ಅಕ್ಕನ ಗಂಡ. ಜೆಟ್ಟಿಯ ಪಂಪುಗಳೆಲ್ಲ ಅವನ ಕೈಯಲ್ಲಿದ್ದವು. ಐಸ್ ಕಾರ್ಖಾನೆಗೆ, ಮೀನಿನ ಮೇಜು ತೊಳೆಯಲು, ಅಳತೆ ಕೋಣೆಗೆ, ಎಲ್ಲಕ್ಕೂ ನೀರು ಹಾಯಿಸುವವನು ಅವನೇ.

"ಬಿಡಮ್ಮ, ಇದು ನಿನ್ನ ಕೈಲಾಗೋ ಕೆಲಸ ಅಲ್ಲ" ಎಂದ ಭಾವ. "ಡಬ್ಬಿ ನನಗೆ ಬಿಡು. ನೀನು ಒಳಗೆ ಕೂತು ಗೆರೆ ನೋಡ್ಕೋ."

ತಿಂಗಳ ಮೊದಲಲ್ಲಿ ಒಂದು ಸಲ ತೊಳೆದರೆ ಸಾಕೆಂದು ಎಂಜಿನಿಯರ್ ಹೇಳಿದ್ದ. ಭಾವ ತಲೆಯಾಡಿಸಿದ. ಅಲ್ಲಿಗೆ ಮುಗಿಯಿತು. ಆ ಡಬ್ಬಿಯ ಹೆಸರೇ ಬೇಡವಾಗಿದ್ದರಿಂದ ಅವಳು ಮತ್ತೆಂದೂ ಅದರ ಸುದ್ದಿ ಕೇಳಲಿಲ್ಲ.

ಅಂಕಿಗಳು ತಂತಿಯ ಮೇಲೆ ಸಂಸ್ಥೆಗೇ ಬರುತ್ತಿದ್ದವು. ಜೆಟ್ಟಿಗೆ ಅವಳು ಹೋಗಬೇಕಾದದ್ದು ವಾರಕ್ಕೊಮ್ಮೆ, ಯಂತ್ರವನ್ನು ಪರೀಕ್ಷಿಸಲು. ಅದಕ್ಕೆ ಅವಳು ಆರಿಸಿಕೊಂಡಿದ್ದು ಬುಧವಾರ. ಮಂಗಳವಾರ ಮೀನು ಮಾರುಕಟ್ಟೆಗೆ ರಜೆ. ಮಾರನೆಯ ಬೆಳಿಗ್ಗೆ ಜೆಟ್ಟಿ ಇದ್ದುದರಲ್ಲಿ ಕಡಿಮೆ ನಾರುತ್ತಿತ್ತು. ಬುಧವಾರ ಅವಳು ಹಗ್ಗ ಕಟ್ಟಿದ ಬಕೆಟನ್ನು ನೇರವಾಗಿ ಕಡಲಿಗೆ ಇಳಿಸಿ ನೀರೆತ್ತಿ, ಅದನ್ನೂ ಅದೇ ಯಂತ್ರಕ್ಕೆ ತೋರಿಸುತ್ತಿದ್ದಳು. ಬಕೆಟ್ಟಿನ ಅಂಕಿ ಮತ್ತು ಕೊಳವೆಯ ಅಂಕಿ ಪ್ರತಿ ಸಲವೂ ಒಂದೇ ತಾಯಿಯ ಮಕ್ಕಳ ಹಾಗೆ ಹೊಂದುತ್ತಿದ್ದವು. ವರ್ಷಗಟ್ಟಲೆ ಹೊಂದಿದವು. ಸಂಸ್ಥೆಯಲ್ಲಿ ಅವಳ ಮೇಲಿನ ಅಧಿಕಾರಿ, ಅವಳಿಗಿಂತ ಚಿಕ್ಕ ವಯಸ್ಸಿನ ಮೇಡಂ, ಬೇರೆ ಕೇಂದ್ರಗಳವರಿಗೆ ಇವಳ ಬುಧವಾರಗಳನ್ನೇ ಮಾದರಿಯಾಗಿ ಹೇಳುತ್ತಿದ್ದರು.

ಒಂದೇ ಒಂದು ತೊಡಕು. ಬೇಸಿಗೆಯ ಗುಡ್ಡದ ಮೇಲೆ ಗರಗಸದಂತೆ ಹಲ್ಲುಗಳಿದ್ದವು. ವಾರವಿಡೀ ಗೆರೆ ಏರುತ್ತ ಹೋಗಿ ಮಂಗಳವಾರ ಸರಕ್ಕನೆ ಇಳಿಯುತ್ತಿತ್ತು. ಮತ್ತೆ ಏರು, ಮತ್ತೆ ಮಂಗಳವಾರ ಇಳಿತ. ಚಳಿಗಾಲದಲ್ಲಿ ಈ ಹಲ್ಲು ಕಾಣುತ್ತಲೇ ಇರಲಿಲ್ಲ.

"ಸಮುದ್ರಕ್ಕೆ ಮಂಗಳವಾರ ಯಾವುದು ಅಂತ ಗೊತ್ತಾಗೋದು ಹೇಗೆ?" ಎಂದು ಕೇಳಿದರು ಮೇಡಂ.

ಕಾರಣ ಹುಡುಕಲು ಚಿಕ್ಕಮ್ಮ ಪುಸ್ತಕ ತೆರೆಯಲಿಲ್ಲ, ಅಳತೆ ಕೋಣೆಯ ಕಿಟಕಿ ತೆರೆದಳು. ಎದುರಿಗೇ ಕಲ್ಲಿನ ಮೇಜುಗಳ ಸಾಲು. ಮೊಣಕೈ ತನಕ ರಕ್ತ ಹತ್ತಿಸಿಕೊಂಡ ಹೆಂಗಸರು ಮೀನು ಸೀಳಿ, ಕರುಳು ಬಗೆದು, ಅದನ್ನು ಎಡಗೈಯಲ್ಲಿ ಹಾಗೇ ನೀರಿಗೆ ಎಸೆಯುತ್ತಿದ್ದರು. ಎಸೆದದ್ದು ಕೊಳೆಯುತ್ತದೆ. ಕೊಳೆತರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಬೇಸಿಗೆಯಲ್ಲಿ ಬೇಗ ಕೊಳೆಯುತ್ತದೆ, ಚಳಿಗಾಲದಲ್ಲಿ ನಿಧಾನ. ಮಂಗಳವಾರ ರಜೆ. ಎಲ್ಲವೂ ಬೀಗಕ್ಕೆ ಕೀಲಿಕೈ ಕೂತಂತೆ ಕೂತಿತು. ಮೇಡಂಗೆ ಹೇಳುವಾಗ ಅವಳ ಭುಜಗಳು ಆಗಲೇ ಕಿವಿಯ ಹತ್ತಿರ ಇದ್ದವು.

ಮೇಡಂ ವರದಿಯಲ್ಲಿ 'ಮೀನಿನ ತ್ಯಾಜ್ಯದಿಂದ ಇರಬಹುದು' ಎಂದು ಬರೆದರು. ಬಂದರು ಕಚೇರಿಯವರಿಗೆ ಆ ವರದಿ ಸಿಕ್ಕಿತು. ದೋಣಿ ಹತ್ತಲು ಬರುವವರ ಕಾರುಗಳನ್ನು ನಿಲ್ಲಿಸಲು ಅವರಿಗೆ ಬಹಳ ದಿನದಿಂದ ಮೇಜುಗಳಿದ್ದ ಜಾಗದ ಮೇಲೆ ಕಣ್ಣಿತ್ತು. ಅವರು 'ಇರಬಹುದು' ತೆಗೆದು ಉಳಿದದ್ದನ್ನು ಇಟ್ಟುಕೊಂಡರು. ಆ ಬೇಸಿಗೆ ಮಾರುಕಟ್ಟೆಯ ಗೋಡೆಗೆ ಆಜ್ಞೆ ಅಂಟಿತು: ನೀರು ಕೆಡುತ್ತಿರುವುದು ವೈಜ್ಞಾನಿಕ ಅಳತೆಯಿಂದ ಸಿದ್ಧವಾಗಿರುವುದರಿಂದ ತಿಂಗಳ ಕೊನೆಗೆ ಮೇಜುಗಳನ್ನು ಕೀಳಲಾಗುವುದು. ಹೆಂಗಸರಿಗೆ ತೋರಿಸಿದ ಬದಲಿ ಜಾಗ ಲಾರಿ ನಿಲ್ದಾಣದ ಹಿಂದೆ. ನಲ್ಲಿ ಇಲ್ಲ, ಕೊಳ್ಳುವವರು ಅತ್ತ ತಲೆ ಹಾಕುವುದಿಲ್ಲ. ಅಲ್ಲಿಗೆ ಹೋಗುವುದೂ ಮನೆಯಲ್ಲಿ ಕೂರುವುದೂ ಒಂದೇ.

ಮರುದಿನ ಬುಧವಾರ. ಹೆಂಗಸರಿಗೆಲ್ಲ ಹಿರಿಯಳಾದ ಚೂರಿಯಮ್ಮ ದಾರಿಗೆ ಅಡ್ಡ ನಿಂತಳು. ಅವಳ ಚೂರಿ ತೇದು ತೇದು ಬೆರಳಿನಷ್ಟು ಅಗಲವಾಗಿತ್ತು.

"ಏನ್ ಚಿಕ್ಕಮ್ಮ, ನಮ್ಮ ಮೀನಿನ ಉಸಿರು ನಿನ್ನ ಡಬ್ಬೀಗೆ ತಾಗ್ತಂತೆ?"

"ಡಬ್ಬಿ ಸುಳ್ಳು ಹೇಳಲ್ಲಮ್ಮ. ನೀರಿಗೆ ಎಸೀಬೇಡಿ ಅಂತ ಎಷ್ಟು ಸಲ ಹೇಳಿದೀನಿ."

"ನೀನು ಹೇಳಿದ್ದು ಥೂ ಅಂತ. ಎಸೀಬೇಡಿ ಅಂತ ಯಾವತ್ತು ಹೇಳ್ದೆ?"

ಸುತ್ತಲಿದ್ದವರು ನಕ್ಕರು. ಚೂರಿಯಮ್ಮ ನಗಲಿಲ್ಲ. "ನನಗೆ ಬೇರೆ ಕೆಲಸ ಬರಲ್ಲ" ಎಂದು ಮೀನಿನ ಕಡೆ ತಿರುಗಿದಳು. ಚಿಕ್ಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ಹೋದಳು. ಅವಳಿಗೆ ಅಂದು ಪಾಪ ಅನ್ನಿಸಲಿಲ್ಲ. ಸದ್ಯ ಈ ನಾತ ತೊಲಗಿದರೆ ಸಾಕು ಅನ್ನಿಸಿತು.

ಅದರ ಮುಂದಿನ ವಾರ ಭಾವನ ಸೊಂಟ ಹಿಡಿದುಕೊಂಡಿತು. ಪಂಪಿನ ಹತ್ತಿರ ಬಗ್ಗಿದವನು ಬಗ್ಗಿದಂತೆಯೇ ಮನೆಗೆ ಬಂದ. ಐಸ್ ಕಾರ್ಖಾನೆಯವರು ತಾತ್ಕಾಲಿಕವಾಗಿ ತಮ್ಮವನೊಬ್ಬನನ್ನು ಪಂಪಿಗೆ ಹಾಕಿದರು. ಅವನಿಗೆ ಗೊತ್ತಿದ್ದದ್ದು ಗುಂಡಿ ಒತ್ತುವುದು ಮಾತ್ರ.

ಆ ಬುಧವಾರ ಬಕೆಟ್ಟಿನ ಅಂಕಿಗೂ ಕೊಳವೆಯ ಅಂಕಿಗೂ ತಾಳಮೇಳವೇ ಇರಲಿಲ್ಲ. ಬಕೆಟ್ಟಿನ ನೀರು ಗಾಳಿಗಿಂತ ತುಸು ಮೇಲೆ. ಕೊಳವೆಯ ನೀರು ಎಲ್ಲೋ ಆಕಾಶದಲ್ಲಿ. ಅವಳು ಮತ್ತೆ ನೀರೆತ್ತಿದಳು. ಮತ್ತೆ ಅದೇ. ಒಂದೇ ಯಂತ್ರ ಎರಡನ್ನೂ ಓದುತ್ತಿದ್ದುದರಿಂದ ಯಂತ್ರದ ತಪ್ಪಲ್ಲ. ಕೊಳವೆಯಲ್ಲಿ ನೀರು ಬಿಸಿಯಾಗಿದೆಯೇ ಎಂದು ಎರಡೂ ತುದಿಗೆ ಉಷ್ಣಮಾಪಕ ಇಟ್ಟಳು, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಗಾಳಿ ಸೋರುತ್ತಿದೆಯೇ ಎಂದು ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಕೊನೆಗೆ ವಾರದ ಗೆರೆ ತೆಗೆದು ನೋಡಿದಳು. ನಿನ್ನೆ ಮಂಗಳವಾರ. ಮಾರುಕಟ್ಟೆಗೆ ಎಂದಿನಂತೆ ರಜೆ, ಮೇಜುಗಳು ಒಣಗಿದ್ದವು. ಆದರೂ ಗೆರೆ ಇಳಿದಿರಲಿಲ್ಲ. ಏರುತ್ತಲೇ ಇತ್ತು.

ಉಳಿದದ್ದು ಅವಳು ಯೋಚಿಸಲು ಇಷ್ಟಪಡದ ಒಂದೇ ಜಾಗ.

ಡಬ್ಬಿಯ ಮುಚ್ಚಳ ಸಡಿಲಿಸಿದಾಗಲೇ ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಹೊಡೆಯಿತು. ಮುಚ್ಚಳದ ಒಳಮೈಯಿಂದ ಕಂದು ಬಣ್ಣದ ಲೋಳೆ ಶೀತದ ಮಗುವಿನ ಮೂಗಿನಿಂದ ಇಳಿದಂತೆ ಇಳಿದು, ತುಂಡಾಗದೆ, ತೂಗಾಡಿತು. ಒಳಗೆ ಜರಡಿಯೇ ಕಾಣಿಸುತ್ತಿರಲಿಲ್ಲ. ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಮರಿ ಕಪ್ಪೆಚಿಪ್ಪುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅವುಗಳ ಸಂದಿನಲ್ಲಿ ಕೂದಲಿನಂಥ ಹುಳುಗಳು ಬೆಳಕು ಬಿದ್ದದ್ದಕ್ಕೆ ಹೊರಳಾಡಿದವು. ಹಳದಿ ಚೀಲದಂಥದ್ದೊಂದು ಅವಳ ಕೈ ಸೋಕಿದ್ದೇ ತಡ ಪಿಚಕ್ಕನೆ ನೀರುಗುಳಿತು. ಅವಳು ಗೋಡೆಯ ಆಚೆಗೆ ಓಡಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಕಡಲಿಗೆ ಕೊಟ್ಟಳು.

ಬಾಯಿ ಒರೆಸಿಕೊಳ್ಳುತ್ತಿದ್ದಾಗ ತಲೆ ತನ್ನ ಕೆಲಸ ಮಾಡಿತು. ಇವೆಲ್ಲ ಜೀವಂತ ಇವೆ. ಜೀವವಿದ್ದದ್ದೆಲ್ಲ ಉಸಿರಾಡುತ್ತದೆ, ಬಿಡುವ ಉಸಿರಿನಲ್ಲಿ ಇರುವುದು ಅದೇ ಅನಿಲ. ಇಷ್ಟು ದೊಡ್ಡ ಸಂಸಾರ ಡಬ್ಬಿಯಲ್ಲೂ ಕೊಳವೆಯಲ್ಲೂ ಬೀಡುಬಿಟ್ಟು ಉಸಿರಾಡುತ್ತಿದ್ದರೆ ಯಂತ್ರ ಅಳೆಯುವುದು ಕಡಲನ್ನಲ್ಲ. ಆದರೆ ಹಿಂದಿನ ಬುಧವಾರಗಳಲ್ಲಿ ಅಂಕಿಗಳು ಹೇಗೆ ಹೊಂದುತ್ತಿದ್ದವು?

ಅಕ್ಕನ ಮನೆಯ ಬಚ್ಚಲಿನಲ್ಲಿ ಅವಳು ಕೈ ಕೆಂಪಾಗುವ ತನಕ ತಿಕ್ಕಿಕೊಂಡು ಬಂದು, ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದ ಭಾವನ ಎದುರು ನಿಂತಳು.

"ಭಾವ, ಡಬ್ಬಿ ಯಾವಾಗ ತೊಳೀತಿದ್ರಿ?"

"ಯಾಕಮ್ಮ, ಮಂಗಳವಾರ."

"ತಿಂಗಳ ಮೊದಲ ಮಂಗಳವಾರಾನಾ?"

"ಪ್ರತಿ ಮಂಗಳವಾರ" ಎಂದ ಭಾವ, ಸ್ವಲ್ಪ ಹೆಮ್ಮೆಯಿಂದಲೇ. "ಮಾರುಕಟ್ಟೆ ರಜೆ, ಪಂಪು ನಿಲ್ಲಿಸಿದ್ರೆ ಯಾರೂ ಕೇಳಲ್ಲ. ಡಬ್ಬಿ ಬಳಿದು, ಕೊಳವೆಗೂ ಕುಂಚ ಹೊಡೆದು ಫಳಫಳ ಅನ್ನಿಸ್ತಿದ್ದೆ. ಬುಧವಾರ ನೀನು ಬರ್ತೀಯಲ್ಲ. ಒಂದು ಹುಳ ಕಂಡ್ರೂ ಕಕ್ತೀಯ."

"ಮಂಗಳವಾರ ಪಂಪು ನಿಲ್ಲಿಸೋದು ಎಣ್ಣೆ ಹಾಕೋಕೆ ಅಂತ ಹೇಳಿದ್ರಿ."

"ಎಣ್ಣೇನೂ ಹಾಕ್ತಿದ್ದೆ. ನಿನ್ನ ಮುಂದೆ ಡಬ್ಬಿ ಅಂದ್ರೆ ಮುಖ ಹಿಂಡ್ತೀಯ, ಯಾಕೆ ಹೇಳ್ಲಿ."

ಅವಳು ನೆಲದ ಮೇಲೆಯೇ ಕುಳಿತುಬಿಟ್ಟಳು, ಗುಡಿಸಿದೆಯೋ ಇಲ್ಲವೋ ನೋಡದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕಿದವಳು ತಾನು. ವಾರವಿಡೀ ಬೆಳೆಯುತ್ತಿದ್ದದ್ದು ತನ್ನ ಡಬ್ಬಿಯ ಹೊಲಸು. ಮಂಗಳವಾರ ಅದು ಹೋಗುತ್ತಿತ್ತು, ಬುಧವಾರ ತಾನು ಬಂದು ಹೊಂದಿತೆಂದು ಬೆನ್ನು ತಟ್ಟಿಕೊಳ್ಳುತ್ತಿದ್ದಳು. ಚಳಿಗಾಲದಲ್ಲಿ ಅದು ನಿಧಾನ ಬೆಳೆಯುತ್ತಿತ್ತು, ಆದ್ದರಿಂದ ಹಲ್ಲು ಇರಲಿಲ್ಲ. ಮೇಜಿನ ಹೆಂಗಸರಿಗೆ ಇದರಲ್ಲಿ ಸಂಬಂಧವೇ ಇಲ್ಲ. ನಾತ ಎಲ್ಲಿಂದ ಎಂದು ಎಲ್ಲರನ್ನೂ ದೂರಿ ಕೊನೆಗೆ ತನ್ನದೇ ಸೆರಗು ಮೂಸಿಕೊಂಡವರಿಗೆ ಆಗುವ ಹೇಸಿಗೆ ಅವಳಿಗಾಯಿತು. ಇದನ್ನು ತೊಳೆಯಲು ಬಚ್ಚಲಿರಲಿಲ್ಲ.

"ನಿಮ್ಮನ್ನ ಯಾರು ಕೇಳಿದ್ರು?" ಎಂದಳು.

ಭಾವ ಗೋಡೆಯ ಕಡೆ ಮುಖ ಮಾಡಿದ. ಅಡುಗೆಮನೆಯಿಂದ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು.

"ಕೇಳಿದ್ಮೇಲೆ ಮಾಡೋಕೆ ಅವರೇನು ನಿನ್ನ ಆಳೇನೇ? ನಿನ್ನ ವಾಂತಿ ನೋಡ್ಲಾರದೆ ಮಾಡಿದ್ರು. ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದವರ ತಟ್ಟೇಲಿ ನೊಣ ಹುಡುಕೋಳು ನೀನು, ಬೈಯೋದು ಇವರನ್ನ."

ಆ ಮಾತು ತಂಗಿಗೆ ಅಷ್ಟು ಸರಿಯಾಗಿ ಒಪ್ಪುತ್ತದೆಂದು ಅಕ್ಕನಿಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನ ಮೇಡಂ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಬೇಸಿಗೆಯ ಅಳತೆ ಹೋಯ್ತು ಹಾಗಾದ್ರೆ?"

"ಎಲ್ಲಾ ಬೇಸಿಗೇನೂ ಸ್ವಲ್ಪ ಸ್ವಲ್ಪ ಹೋಯ್ತು, ಮೇಡಂ. ಗುಡ್ಡ ಇದೆ, ಬಕೆಟ್ಟೇ ತೋರಿಸುತ್ತೆ. ಅಷ್ಟು ಎತ್ತರ ಇಲ್ಲ."

"ನಮ್ಮ ಕೇಂದ್ರಕ್ಕೆ ಮುಂದಿನ ಅನುದಾನ ಈ ಗುಡ್ಡದ ಮೇಲೆ ನಿಂತಿದೆ. ಗೊತ್ತಲ್ಲ?"

"ಗೊತ್ತು."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರಂತೆ ಇತ್ತು ಮೇಡಂ ಮುಖ. "ಮೇಜು ಕೀಳಿ ಅಂತ ನಾವೇನೂ ಬರೆದಿಲ್ಲ. 'ಇರಬಹುದು' ಅಂತಷ್ಟೇ ಬರೆದಿದ್ದು. ಗುಡ್ಡ ಮುಂದಿನ ವರ್ಷ ನಿಧಾನಕ್ಕೆ ಸರಿ ಮಾಡಿದ್ರೂ ಆಗುತ್ತೆ."

"ಮುಂದಿನ ವರ್ಷಕ್ಕೆ ಮೇಜು ಇರಲ್ಲ, ಮೇಡಂ."

"ನೀವು ಆ ಹೆಂಗಸರ ಹತ್ರಾನೂ ನಿಲ್ಲೋಲ್ಲ."

"ಈಗಲೂ ನಿಲ್ಲಲ್ಲ. ವಾಸನೆ." ಅವಳು ನೆಲ ನೋಡಿದಳು. "ಆದ್ರೆ ಇದಕ್ಕಿಂತ ಆ ವಾಸನೇನೇ ವಾಸಿ."

ಮೇಡಂ ಕನ್ನಡಕ ಹಾಕಿಕೊಂಡರು. ಆಮೇಲೆ ಹೇಳಿದ್ದು ಲೆಕ್ಕದ ಮಾತು, ಮತ್ತು ಅದು ಮೇಡಂ ಅವರದ್ದೇ ಯೋಚನೆ. "ಬಾಯಿಮಾತಿಗೆ ಬಂದರು ಕಚೇರಿಯವರು ಒಪ್ಪಲ್ಲ. ಡಬ್ಬೀನ ಮಂಗಳವಾರ ಮುಟ್ಟಬೇಡಿ. ಶನಿವಾರ ತೊಳೀರಿ, ಮೀನು ಎಲ್ಲಕ್ಕಿಂತ ಜಾಸ್ತಿ ಬರೋ ದಿನ. ಗೆರೆ ಶನಿವಾರ ಇಳಿದು ಮಂಗಳವಾರ ಇಳೀದೆ ಇದ್ರೆ ತಪ್ಪು ಡಬ್ಬೀದು. ಮಂಗಳವಾರಾನೇ ಇಳಿದ್ರೆ ಮೀನಿನವರದ್ದು. ಆದ್ರೆ ತೊಳೆಯೋರು ಯಾರು? ನಿಮ್ಮ ಭಾವ ಮಲಗಿದಾರೆ."

ಪಂಪಿಗೆ ಹಾಕಿದ್ದ ಹೊಸಬನಿಗೆ ಹೇಳಬಹುದಿತ್ತು. ಆದರೆ ಬೇರೆಯವರು ತೊಳೆದದ್ದನ್ನು ನೋಡದೆ ನಂಬಿದ್ದರಿಂದಲೇ ಇಷ್ಟು ದೂರ ಬಂದದ್ದು.

"ನಾನೇ" ಎಂದಳು ಚಿಕ್ಕಮ್ಮ.

ಶನಿವಾರ ಜೆಟ್ಟಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬುಟ್ಟಿ ಬುಟ್ಟಿ ಮೀನು, ಕಾಲ ಕೆಳಗೆ ಚಿಪ್ಪು, ಕರುಳಿಗೆ ಮುತ್ತಿದ ನೊಣ. ಶನಿವಾರದ ದಿನ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಮೊಣಕೈ ತನಕ ರಬ್ಬರ್ ಕೈಗವಸು, ಮೂಗಿಗೆ ಎರಡು ಮಡಿಕೆ ಬಟ್ಟೆ. ಮುಚ್ಚಳ ತೆಗೆದು ಕೈ ಹಾಕಿದಳು. ಲೋಳೆ ಬೆಚ್ಚಗಿತ್ತು, ಅದನ್ನು ಅವಳು ನಿರೀಕ್ಷಿಸಿರಲಿಲ್ಲ. ಚಿಪ್ಪುಗಳು ಜರಡಿಗೆ ಕಚ್ಚಿಕೊಂಡು ಎಳೆದರೆ ಬರುತ್ತಿರಲಿಲ್ಲ, ಬಂದಾಗ ದಾರದಂಥ ಬೇರುಗಳ ಸಮೇತ ಪಟಪಟ ಕಿತ್ತು ಬರುತ್ತಿದ್ದವು. ಎರಡು ಹಿಡಿ ತೆಗೆದು ಗೋಡೆಯ ಆಚೆಗೆ ಓಡಿದಳು. ಬಂದಳು. ಮತ್ತೆ ಎರಡು ಹಿಡಿ, ಮತ್ತೆ ಓಟ.

ಮೂರನೆಯ ಓಟಕ್ಕೆ ಚೂರಿಯಮ್ಮ ಮೇಜು ಬಿಟ್ಟು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ ನಡೀತಿದೆ ಇಲ್ಲಿ? ನಿನ್ನ ಡಬ್ಬಿ ಸುಳ್ಳು ಹೇಳಲ್ಲ ಅಂದ್ಯಲ್ಲ."

"ಹೇಳ್ತು" ಎಂದಳು ಚಿಕ್ಕಮ್ಮ. ಬಟ್ಟೆಯೊಳಗಿನಿಂದ ಧ್ವನಿ ಸರಿಯಾಗಿ ಬರಲಿಲ್ಲ. ಬಟ್ಟೆ ಇಳಿಸಿದಳು. "ಗೆರೆ ಏರಿಸಿದ್ದು ಇದು. ನೀವಲ್ಲ ಅನ್ಸುತ್ತೆ. ಅದನ್ನ ತೋರಿಸೋಕೇ ತೊಳೀತಿದೀನಿ."

ಚೂರಿಯಮ್ಮ ಡಬ್ಬಿಯೊಳಗೆ ಇಣುಕಿ ನೋಡಿದಳು. ಮುಖ ಕಿವುಚಲಿಲ್ಲ. "ಅನ್ಸುತ್ತೆ ಅಂತಾಳೆ. ನಮ್ಮನ್ನ ಎಬ್ಬಿಸೋವಾಗ ಅನ್ಸುತ್ತೆ ಇರಲಿಲ್ಲ." ಆಮೇಲೆ ಹೇಳಿದಳು, "ಬಾಯಲ್ಲಿ ಉಸಿರು ಎಳೀಬೇಡ. ಮೂಗಲ್ಲಿ ಎಳಿ. ಬಾಯಲ್ಲಿ ಎಳೆದ್ರೆ ರುಚಿ ಸಿಗುತ್ತೆ."

ಚಿಕ್ಕಮ್ಮ ನಾಲ್ಕನೆಯ ಸಲ ಓಡಿದಳು. ಹಿಂದಿನಿಂದ ಮೇಜುಗಳ ಸಾಲೆಲ್ಲ ನಗುವುದು ಕೇಳಿಸಿತು. ತಿರುಗಿ ಬಂದಾಗ ಡಬ್ಬಿಯ ಪಕ್ಕದಲ್ಲಿ ಚಿಪ್ಪು ಕೆರೆಯುವ ಮೊಂಡು ಚೂರಿಯೊಂದು ಇತ್ತು. ಅದರ ಹಿಡಿಗೆ ಮೀನಿನ ಹುರುಪೆ ಅಂಟಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ, ತೊಳೆದು, ಮತ್ತೊಮ್ಮೆ ತೊಳೆದು, ಬಳಸಿದಳು. ಕೆಲಸ ಬೇಗ ಸಾಗಿತು.

ಸಂಜೆಗೆ ಗೆರೆ ಇಳಿಯಿತು. ಜೆಟ್ಟಿಯ ಸುತ್ತ ನೀರಿನ ಮೇಲೆ ಕರುಳು ತೇಲುತ್ತಿದ್ದಾಗಲೇ ಇಳಿಯಿತು. ಮಂಗಳವಾರ ಮಾರುಕಟ್ಟೆ ಮುಚ್ಚಿ ಮೇಜುಗಳು ಒಣಗಿದಾಗ ಅದು ಇಳಿಯಲಿಲ್ಲ, ಏರುತ್ತಿತ್ತು. ಮುಂದಿನ ಶನಿವಾರ ಅವಳು ಮತ್ತೆ ಕೈ ಹಾಕಿದಳು, ಮತ್ತೆ ಇಳಿಯಿತು. ಮೀನಿನ ಪಾಲು ಸೊನ್ನೆ ಎಂದು ಅವಳು ಬರೆಯಲಿಲ್ಲ. ಬಕೆಟ್ಟಿನಲ್ಲಿ ಕಾಣುವಷ್ಟು ಇಲ್ಲ ಎಂದು ಬರೆದಳು. ಹಲ್ಲು ಅವಳ ಕೈ ಹೋದ ಕಡೆ ಹೋಗುತ್ತಿತ್ತು, ಅಷ್ಟು ಸಾಕಿತ್ತು.

ತಿಂಗಳು ಮುಗಿಯಲು ಇನ್ನೇನು ಎರಡು ದಿನ ಇರುವಾಗ ಮೇಡಂ ಮತ್ತು ಅವಳು ಬಂದರು ಕಚೇರಿಗೆ ಹೋದರು. ಅಲ್ಲಿಯ ಅಧಿಕಾರಿ ಹಳೆಯದು ಹೊಸದು ಎರಡು ಗೆರೆಗಳನ್ನೂ ನೋಡಿ ಕಾಗದವನ್ನು ದೂರ ಸರಿಸಿದ.

"ಡಬ್ಬಿ ಇರ್ಲಿ, ಕೊಳವೆ ಇರ್ಲಿ. ಅಲ್ಲಿ ನಾರುತ್ತೋ ಇಲ್ಲವೋ? ನೀವೇ ಹೇಳಿ."

"ನಾರುತ್ತೆ ಸರ್" ಎಂದಳು ಚಿಕ್ಕಮ್ಮ. "ನನಗೆ ಅಲ್ಲಿ ನಿಂತರೆ ಅನ್ನ ಇಳಿಯಲ್ಲ. ಆದ್ರೆ ನೀವು ಗೋಡೆ ಮೇಲೆ ನಾತ ಅಂತ ಬರೆದಿಲ್ಲ, ಅಳತೆ ಅಂತ ಬರೆದಿದೀರಿ. ಆ ಅಳತೆ ನನ್ನದು. ಅದು ತಪ್ಪು. ಅದನ್ನ ತೆಗೀರಿ."

"ಕಾರು ಎಲ್ಲಿ ನಿಲ್ಲಿಸ್ಲಿ?"

"ಅದಕ್ಕೆ ನಮ್ಮ ಹತ್ರ ಯಂತ್ರ ಇಲ್ಲ" ಎಂದರು ಮೇಡಂ, ವರದಿಯ ಆ ಭಾಗವನ್ನು ಹಿಂತೆಗೆದುಕೊಂಡಿರುವ ಪತ್ರವನ್ನು ಅವನ ಮುಂದಿಟ್ಟು. ಅದರ ಕೆಳಗೆ ಅವರದ್ದೇ ಸಹಿ ಇತ್ತು. ಅನುದಾನದ ಮಾತು ಆ ಕೋಣೆಯಲ್ಲಿ ಅವರು ಎತ್ತಲಿಲ್ಲ. ಹೊರಗೆ ಬಂದ ಮೇಲೆ ಮೆಟ್ಟಿಲಿನಲ್ಲಿ ಒಂದು ಸಲ ನಿಟ್ಟುಸಿರು ಬಿಟ್ಟರು, ಅಷ್ಟೆ.

ಅಧಿಕಾರಿ ಒಪ್ಪಿದ್ದು ಮನಸ್ಸಿನಿಂದಲ್ಲ. ಬರೆದ ಕಾರಣ ಬಿದ್ದುಹೋದ ಮೇಲೆ ಆಜ್ಞೆಯನ್ನು ಹಿಡಿದು ನಿಲ್ಲಿಸುವಂತಿರಲಿಲ್ಲ, ಅದಕ್ಕೆ. ಕಾಗದ ಗೋಡೆಯಿಂದ ಕಿತ್ತುಬಂತು, ಮೇಜುಗಳು ಇದ್ದಲ್ಲೇ ಉಳಿದವು. ಬೇರೆ ಕಾರಣ ಸಿಕ್ಕಿದ ದಿನ ಇನ್ನೊಂದು ಕಾಗದ ಅಂಟುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಭಾವನ ಸೊಂಟ ಸರಿಹೋಯಿತು. ಅವನು ಪಂಪಿಗೆ ಮರಳಿದ ದಿನ ಚಿಕ್ಕಮ್ಮ ಆಗಲೇ ಡಬ್ಬಿಯ ಮುಂದೆ ಕೂತಿದ್ದಳು. ಈಗ ಅವಳು ಜೆಟ್ಟಿಗೆ ದಿನಾ ಬರಬೇಕಿತ್ತು. ವಾರ ಬಿಟ್ಟರೆ ಹೊಲಸಿಗೆ ಬೆಳೆಯಲು ಪುರುಸೊತ್ತು ಸಿಗುತ್ತದೆ. ತೊಳೆಯುವ ಮುಂಚೆ ಒಂದು ಬಕೆಟ್, ತೊಳೆದ ಮೇಲೆ ಒಂದು ಬಕೆಟ್ ಹಿಡಿದು ಕೊಳವೆಯ ಅಂಕಿಯ ಜೊತೆ ಹೋಲಿಸಿದರೆ ಹಳೆಯ ಬೇಸಿಗೆಗಳಲ್ಲಿ ಕಡಲಿನದೆಷ್ಟು, ಕೊಳವೆಯದೆಷ್ಟು ಎಂದು ಬೇರೆ ಮಾಡಬಹುದು ಎಂದು ಮೇಡಂ ಲೆಕ್ಕ ಹಾಕಿದ್ದರು.

"ಕೊಡಮ್ಮ ಇಲ್ಲಿ, ನಾನು ಮಾಡ್ತೀನಿ" ಎಂದ ಭಾವ. ಅಂದಿನ ಮಾತಿನ ನಂತರ ಅವನು ಅವಳೊಂದಿಗೆ ಮಾತಾಡಿದ್ದು ಇದೇ ಮೊದಲು.

"ಬೇಡ ಭಾವ. ನೀವು ಬಗ್ಗಬೇಡಿ. ಇದು ನಾನು ಕಣ್ಣಾರೆ ನೋಡ್ಬೇಕು." ಚಿಪ್ಪು ಕೆರೆಯುತ್ತಲೇ ಹೇಳಿದಳು, "ಅವತ್ತು ಹಾಗೆ ಕೇಳಬಾರದಿತ್ತು. ಅಷ್ಟು ವರ್ಷ ಯಾರೂ ಹೇಳದೆ ಮಾಡಿದ್ರಿ."

"ಹೇಳಿ ಮಾಡಬೇಕಿತ್ತು ಅಂತ ಈಗ ಗೊತ್ತಾಯ್ತು ಬಿಡು" ಎಂದ ಭಾವ, ನೀರಿ‌ನ ಪೈಪು ಅವಳ ಕೈಗೆ ಸಿಗುವಂತೆ ಎಳೆದಿಟ್ಟು ಪಂಪಿನ ಕಡೆ ಹೋದ.

ಮೇಜಿನ ಹೆಂಗಸರು ಅವಳಿಗೆ ಉಪಕಾರ ಹೇಳಲಿಲ್ಲ, ಹೇಳಬೇಕಾದದ್ದೂ ಇರಲಿಲ್ಲ. ತಾನೇ ಹಚ್ಚಿದ ಬೆಂಕಿ ತಾನೇ ಆರಿಸಿದಳು, ಅದರಲ್ಲೇನು ದೊಡ್ಡಸ್ತಿಕೆ ಎಂದು ಅವರ ನ್ಯಾಯ. ಚಿಕ್ಕಮ್ಮನಿಗೂ ಅವರ ಮೇಲೆ ಹೊಸ ಪ್ರೀತಿಯೇನೂ ಹುಟ್ಟಲಿಲ್ಲ. ಒಂದು ಮಧ್ಯಾಹ್ನ ಅವಳು ಬಕೆಟ್ ಇಳಿಸುವ ಜಾಗಕ್ಕೇ ಸರಿಯಾಗಿ ಒಂದು ಹಿಡಿ ಕರುಳು ಬಂದು ಬಿತ್ತು; ನೀರು ಅವಳ ಸೀರೆಗೆ ಹಾರಿತು.

"ಇಲ್ಲಿ ಎಸೀಬೇಡಿ ಅಂದ್ನಲ್ಲ" ಎಂದಳು ಹಲ್ಲು ಕಚ್ಚಿ.

"ಎಸೆದ್ರೆ ಏನಾಗುತ್ತೆ?" ಚೂರಿಯಮ್ಮ ಮುಂದಿನ ಮೀನನ್ನು ಎಳೆದುಕೊಂಡಳು. "ಲೆಕ್ಕ ನಮ್ಮ ಕಡೆ ಇದೆ."

"ಲೆಕ್ಕ ನಿಮ್ಮ ಕಡೆ ಇದೆ. ನಾತ ನನ್ನ ಕಡೆ ಬರ್ತಿದೆ. ಆಚೆ ಬುಟ್ಟಿಗೆ ಹಾಕಿ."

ಚೂರಿಯಮ್ಮ ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಮುಂದಿನ ಕರುಳು ಬುಟ್ಟಿಗೆ ಬಿತ್ತು. ಅದರ ಮುಂದಿನದು ಮತ್ತೆ ನೀರಿಗೆ. ಚಿಕ್ಕಮ್ಮ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ತೇಲುವುದು ದೂರ ಹೋಗುವ ತನಕ ಕಾದು, ಬಕೆಟ್ ಇಳಿಸಿದಳು. ಮೊದಲು ಈ ನೀರಿನ ಅಂಕಿ. ಆಮೇಲೆ ಡಬ್ಬಿ.